ಆಸ್ಪತ್ರೆಯಲ್ಲಿ ಸ್ವಯಂಸೇವೆ: ವೈದ್ಯಕೀಯ ರಂಗಕ್ಕೆ ಕಾಲಿಡುವ ಮುನ್ನ ತಿಳಿದಿರಬೇಕಾದ ವಿಷಯಗಳು

ಪ್ರತಿ ವರ್ಷ ದ್ವಿತೀಯ ಪಿ.ಯು.ಸಿ. ಪರೀಕ್ಷೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಮಾತು ಕೇಳಿ ಬರುತ್ತದೆ. ಮಗಳಿಗೆ ನರ್ಸಿಂಗ್ ಮಾಡಬೇಕೆಂದಿದೆ, ಮಗನಿಗೆ ಡಾಕ್ಟರ್ ಆಗಬೇಕೆಂದಿದೆ, ಕಾಲೇಜು ಆರಂಭವಾಗುವ ತನಕ ಯಾವುದಾದರೂ ಆಸ್ಪತ್ರೆಯಲ್ಲಿ ಸ್ವಯಂಸೇವಕರಾಗಿ ದುಡಿದು ಸ್ವಲ್ಪ ಅನುಭವ ಪಡೆಯಬಹುದೇ ಎಂದು ಹೆತ್ತವರು ಧರ್ಮಗುರುಗಳ ಬಳಿ, ಧರ್ಮಭಗಿನಿಯರ ಬಳಿ ವಿಚಾರಿಸುತ್ತಾರೆ. ಪ್ರಶ್ನೆ ಒಳ್ಳೆಯದು. ಆದರೆ ಈ ಸೇವೆ ಎಂದರೇನು, ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಅಲ್ಲಿ ಏನು ಮಾಡಬಾರದು ಎಂಬ ಸ್ಪಷ್ಟ ಮಾಹಿತಿ ಹೆಚ್ಚಿನವರಿಗೆ ಇರುವುದಿಲ್ಲ. ಕೆಲವರು ಅತಿಯಾದ ನಿರೀಕ್ಷೆ ಇಟ್ಟುಕೊಂಡು ಹೋಗಿ ಒಂದೇ ವಾರದಲ್ಲಿ ಬಿಟ್ಟು ಬರುತ್ತಾರೆ. ಇನ್ನು ಕೆಲವರು ಕೇಳಲು ಸಂಕೋಚಪಟ್ಟು ಮನೆಯಲ್ಲೇ ಉಳಿಯುತ್ತಾರೆ. ಆದ್ದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ನೋಡದೆ ಆರಿಸುವ ವೃತ್ತಿ

ನಮ್ಮ ಕರಾವಳಿಯ ಕುಟುಂಬಗಳಿಗೆ ಆರೋಗ್ಯ ಸೇವೆ ಹೊಸತಲ್ಲ. ಮಂಗಳೂರು, ಉಡುಪಿ ಕಡೆಯ ದಾದಿಯರು ಗಲ್ಫ್ ರಾಷ್ಟ್ರಗಳಲ್ಲಿ, ಯುರೋಪಿನಲ್ಲಿ, ದೇಶದ ದೊಡ್ಡ ನಗರಗಳಲ್ಲಿ ದುಡಿಯುತ್ತಿದ್ದಾರೆ. ಈ ವೃತ್ತಿಯಿಂದ ಮನೆ ಕಟ್ಟಿದವರು, ತಮ್ಮ ತಂಗಿಯರ ಮದುವೆ ಮಾಡಿಸಿದವರು ಪ್ರತಿ ವಾರ್ಡಿನಲ್ಲೂ ಇದ್ದಾರೆ. ಹಾಗಾಗಿ ನರ್ಸಿಂಗ್ ಎಂದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ಉದ್ಯೋಗ ಮತ್ತು ಸಂಬಳ. ಅದು ತಪ್ಪಲ್ಲ. ಆದರೆ ಬಿ.ಎಸ್ಸಿ. ನರ್ಸಿಂಗ್ 4 ವರ್ಷಗಳ ಓದು. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷಗಳ ಓದು, ಅದರ ಮೇಲೆ 1 ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಇದಕ್ಕಾಗಿ ಬ್ಯಾಂಕಿನಿಂದ ಸಾಲ ತೆಗೆಯುವವರು, ಜಾಗ ಅಡವಿಡುವವರು ಇದ್ದಾರೆ. ಇಷ್ಟು ದೊಡ್ಡ ನಿರ್ಧಾರವನ್ನು ಹದಿನೇಳು ಹದಿನೆಂಟು ವರ್ಷದ ಮಕ್ಕಳು ರೋಗಿಯ ಹಾಸಿಗೆಯ ಬಳಿ ಒಂದು ಗಂಟೆಯೂ ನಿಲ್ಲದೆ ತೆಗೆದುಕೊಳ್ಳುತ್ತಾರೆ.

ಆಸ್ಪತ್ರೆಯೊಳಗಿನ ಬದುಕು ಹೊರಗಿನಿಂದ ಕಾಣುವಂತಿಲ್ಲ. ರಾತ್ರಿ ಪಾಳಿ ಇದೆ, ಹಬ್ಬದ ದಿನದ ಪಾಳಿ ಇದೆ. ಕೀವು, ವಾಂತಿ, ಮಲಮೂತ್ರದ ವಾಸನೆ ಇದೆ. ನೋವಿನಿಂದ ಬೈಯುವ ರೋಗಿ, ಆತಂಕದಿಂದ ಗದರುವ ಸಂಬಂಧಿಕರು ಇದ್ದಾರೆ. ನಿನ್ನೆ ಮಾತನಾಡಿಸಿದವರ ಹಾಸಿಗೆ ಇಂದು ಖಾಲಿಯಾಗಿರುತ್ತದೆ. ಇದನ್ನೆಲ್ಲ ಕಂಡೂ ಮನಸ್ಸು ಅಲ್ಲೇ ನಿಲ್ಲುತ್ತದೆಯೇ ಎಂಬುದನ್ನು ಪುಸ್ತಕ ಹೇಳಲಾರದು. ಸೀಟು ಪಡೆದು ಶುಲ್ಕ ಕಟ್ಟಿದ ಎರಡನೇ ತಿಂಗಳಲ್ಲಿ ಇದು ನನ್ನಿಂದಾಗದು ಎಂದು ಅರಿವಾಗುವುದಕ್ಕಿಂತ, ಎರಡು ತಿಂಗಳ ಸ್ವಯಂಸೇವೆಯಲ್ಲಿ ಅರಿವಾಗುವುದು ಮಗುವಿಗೂ ಮನೆಗೂ ಒಳ್ಳೆಯದು. ಆಗುತ್ತದೆ ಎಂದು ಖಚಿತವಾದರೆ ಇನ್ನೂ ಒಳ್ಳೆಯದು, ಓದಿನ ಕಷ್ಟದ ದಿನಗಳಲ್ಲಿ ಆ ನೆನಪೇ ಆಧಾರವಾಗುತ್ತದೆ.

ಇತಿಹಾಸದಲ್ಲೂ ಇದಕ್ಕೆ ಉದಾಹರಣೆಗಳಿವೆ. ಆಧುನಿಕ ನರ್ಸಿಂಗ್‌ನ ಮಾತೆ ಎನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಶ್ರೀಮಂತ ಮನೆತನದವರು. ಮಗಳು ರೋಗಿಗಳ ಶುಶ್ರೂಷೆಗೆ ಹೋಗುವುದು ಅವರ ಮನೆಯವರಿಗೆ ಇಷ್ಟವಿರಲಿಲ್ಲ. ಆದರೂ ಆಕೆ 1850ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿನ ಸೇವಾಸಂಸ್ಥೆಯನ್ನು ನೋಡಿ ಬಂದರು, 1851ರಲ್ಲಿ ಪುನಃ ಹೋಗಿ ಸುಮಾರು ಮೂರು ತಿಂಗಳು ಅಲ್ಲಿದ್ದು ಕೆಲಸ ಕಲಿತರು. ಕ್ರಿಮಿಯಾ ಯುದ್ಧದ ಆಸ್ಪತ್ರೆಗೆ ಅವರು ಹೊರಟದ್ದು ಅನಂತರ, 1854ರಲ್ಲಿ. ಅದಕ್ಕೂ ಮೂರು ಶತಮಾನಗಳ ಹಿಂದೆ 1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಸಂತ ಕಮಿಲ್ಲಸರು ಸೈನಿಕರಾಗಿದ್ದವರು, ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡವರು. ಕಾಲಿನ ವಾಸಿಯಾಗದ ಗಾಯಕ್ಕಾಗಿ ರೋಮಿನ ಆಸ್ಪತ್ರೆಗೆ ರೋಗಿಯಾಗಿ ಸೇರಿ, ಅಲ್ಲೇ ಕೆಲಸಗಾರರಾಗಿ, ಕೊನೆಗೆ ಮೇಲ್ವಿಚಾರಕರಾದರು. ರೋಗಿಗಳ ಸೇವೆಗೆಂದೇ ಒಂದು ಧಾರ್ಮಿಕ ಸಭೆಯನ್ನು ಸ್ಥಾಪಿಸಿದ ಅವರನ್ನು ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕ ಸಂತರೆಂದು ಧರ್ಮಸಭೆ 1886ರಲ್ಲಿ ಘೋಷಿಸಿತು. ನಮ್ಮ ಮಂಗಳೂರಿನಲ್ಲೇ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ತೊಡಗಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇಂದು ಅದೇ ಸ್ಥಳದಲ್ಲಿ ವೈದ್ಯಕೀಯ ಕಾಲೇಜು ನಿಂತಿದೆ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಇಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳಬೇಕು. ಅಮೆರಿಕದಂತಹ ದೇಶಗಳಲ್ಲಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವವರು ಆಸ್ಪತ್ರೆಯಲ್ಲಿ ಮಾಡಿದ ಸ್ವಯಂಸೇವೆಯ ವಿವರವನ್ನು ಕೊಡುತ್ತಾರೆ, ಆಯ್ಕೆ ಮಾಡುವವರು ಅದನ್ನು ಪರಿಗಣಿಸುತ್ತಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. ಎಂ.ಬಿ.ಬಿ.ಎಸ್. ಪ್ರವೇಶ ನಿಂತಿರುವುದು ನೀಟ್ ಪರೀಕ್ಷೆಯ ಅಂಕಗಳ ಮೇಲೆ. ಎಷ್ಟು ಗಂಟೆ ಸೇವೆ ಮಾಡಿದರೂ ಅದಕ್ಕೆ ಒಂದು ಅಂಕವೂ ಸೇರುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಓದುವ ಸಮಯವನ್ನು ಬಲಿಕೊಟ್ಟು ಆಸ್ಪತ್ರೆಗೆ ಹೋಗಬೇಕೆಂದು ನಾವು ಯಾರಿಗೂ ಹೇಳುವುದಿಲ್ಲ. ಪರೀಕ್ಷೆ ಮುಗಿದು ಪ್ರವೇಶ ಸಿಗುವ ತನಕದ ಬಿಡುವು, ಕಾಲೇಜಿನ ರಜೆ, ಶನಿವಾರ ಸಂಜೆ, ಭಾನುವಾರದ ಬಲಿಪೂಜೆಯ ನಂತರದ ಎರಡು ಗಂಟೆ, ಇವು ತಕ್ಕ ಸಮಯಗಳು.

ಎರಡನೆಯದಾಗಿ, ಸ್ವಯಂಸೇವೆಯ ಪ್ರಮಾಣಪತ್ರ ದಾದಿಯರ ಉದ್ಯೋಗಕ್ಕೆ ಬೇಕಾದ ಅನುಭವಪತ್ರ ಅಲ್ಲ. ವಿದೇಶದ ಆಸ್ಪತ್ರೆಗಳು ಎರಡು ವರ್ಷದ ಅನುಭವ ಕೇಳಿದರೆ, ಅದು ನರ್ಸಿಂಗ್ ಪಾಸಾಗಿ, ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡ ಮೇಲೆ ದುಡಿದ ಅನುಭವ. ಪಿ.ಯು.ಸಿ. ಮುಗಿಸಿ ಮಾಡಿದ ಸೇವೆ ಅದರಲ್ಲಿ ಲೆಕ್ಕಕ್ಕಿಲ್ಲ. ಇದನ್ನು ತಿಳಿಯದೆ, ಅನುಭವಪತ್ರ ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. ಸ್ವಯಂಸೇವೆಗೆ ಸೇರಲು ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಅಲ್ಲಿಂದ ಹಿಂದೆ ಬರುವುದು ಜಾಣತನ.

ಮೂರನೆಯ ಮಾತನ್ನೂ ಹೇಳಲೇಬೇಕು. ನರ್ಸಿಂಗ್ ಅಥವಾ ಲ್ಯಾಬ್ ಕೋರ್ಸ್ ಮುಗಿಸಿದ ಯುವಜನರನ್ನು ಅನುಭವದ ಹೆಸರಿನಲ್ಲಿ ಸಂಬಳವಿಲ್ಲದೆ ತಿಂಗಳುಗಟ್ಟಲೆ ಪೂರ್ಣಾವಧಿ ದುಡಿಸಿದರೆ ಅದು ಸ್ವಯಂಸೇವೆ ಅಲ್ಲ. ಓದು ಮುಗಿಸಿ ನೋಂದಣಿಯಾದವರು ಮಾಡುವ ಕೆಲಸಕ್ಕೆ ಕೂಲಿ ಸಿಗಬೇಕಾದದ್ದು ನ್ಯಾಯ. ಸ್ವಯಂಸೇವಕನು ಸಿಬ್ಬಂದಿಯ ಕೆಲಸವನ್ನು ಕಸಿದುಕೊಳ್ಳುವವನಲ್ಲ, ಸಿಬ್ಬಂದಿಗೆ ಸಮಯ ಸಾಲದ ಕಡೆ ಕೈಜೋಡಿಸುವವನು. ಈ ಗೆರೆಯನ್ನು ಯುವಜನರೂ ಆಸ್ಪತ್ರೆಯ ಆಡಳಿತದವರೂ ನೆನಪಿನಲ್ಲಿಡಬೇಕು.

ಹಾಗಾದರೆ ಸಿಗುವುದೇನು? ರೋಗಿಯ ಬಳಿ ಹೇಗೆ ನಿಲ್ಲಬೇಕು, ಹೇಗೆ ಮಾತನಾಡಬೇಕು ಎಂಬ ತಿಳುವಳಿಕೆ. ಆಸ್ಪತ್ರೆಯಲ್ಲಿ ಡಾಕ್ಟರ್ ಮತ್ತು ನರ್ಸ್ ಮಾತ್ರವಲ್ಲದೆ ಫಿಸಿಯೋಥೆರಪಿ, ಪ್ರಯೋಗಾಲಯ, ಎಕ್ಸ್‌ರೇ, ಔಷಧಾಲಯ, ಪಥ್ಯಾಹಾರ, ವೈದ್ಯಕೀಯ ಸಮಾಜಕಾರ್ಯ, ದಾಖಲೆ ವಿಭಾಗ ಹೀಗೆ ಅನೇಕ ವೃತ್ತಿಗಳಿವೆ ಎಂಬ ಅರಿವು. ನೀಟ್‌ನಲ್ಲಿ ಅಂಕ ಕಡಿಮೆ ಬಂತೆಂದು ಕುಗ್ಗಿದ ಎಷ್ಟೋ ಮಕ್ಕಳಿಗೆ ಈ ವೃತ್ತಿಗಳ ಹೆಸರೇ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಸ್ವಭಾವದ ಪರಿಚಯ ತನಗೇ ಆಗುತ್ತದೆ.

ಎಲ್ಲಿ, ಯಾರನ್ನು ಕೇಳಬೇಕು

ಎಲ್ಲ ಆಸ್ಪತ್ರೆಗಳೂ ಹೊರಗಿನ ಸ್ವಯಂಸೇವಕರನ್ನು ಸೇರಿಸಿಕೊಳ್ಳುವುದಿಲ್ಲ. ಕಾಲೇಜು ಇರುವ ಆಸ್ಪತ್ರೆಗಳಲ್ಲಿ ಸ್ವಂತ ವಿದ್ಯಾರ್ಥಿಗಳೇ ತುಂಬಿರುತ್ತಾರೆ. ಆದ್ದರಿಂದ ನೇರವಾಗಿ ವಾರ್ಡಿಗೆ ಹೋಗಿ ಪರಿಚಯದ ನರ್ಸ್ ಒಬ್ಬರ ಜೊತೆ ನಿಂತುಕೊಳ್ಳುವುದು ಸರಿಯಲ್ಲ. ಅದರಿಂದ ಅವರಿಗೂ ತೊಂದರೆ. ವೈದ್ಯಕೀಯ ಅಧೀಕ್ಷಕರಿಗೆ ಅಥವಾ ನರ್ಸಿಂಗ್ ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಹೆಸರು, ವಯಸ್ಸು, ವಿದ್ಯಾಭ್ಯಾಸ, ತಿಳಿದಿರುವ ಭಾಷೆಗಳು, ವಾರದಲ್ಲಿ ಯಾವ ದಿನ ಎಷ್ಟು ಗಂಟೆ ಬರಲು ಸಾಧ್ಯ, ಎಷ್ಟು ತಿಂಗಳು ಬರುತ್ತೀರಿ ಎಂಬುದನ್ನು ಬರೆಯಿರಿ. ಧರ್ಮಗುರುಗಳ ಅಥವಾ ಕಾಲೇಜಿನ ಪ್ರಾಂಶುಪಾಲರ ಪರಿಚಯಪತ್ರ ಜೊತೆಗಿದ್ದರೆ ಉತ್ತಮ. 18 ವರ್ಷ ತುಂಬದವರು ಹೆತ್ತವರ ಲಿಖಿತ ಒಪ್ಪಿಗೆ ಇಲ್ಲದೆ ಹೋಗಬಾರದು.

ದೊಡ್ಡ ಆಸ್ಪತ್ರೆ ಆಗದಿದ್ದರೆ ನಿರಾಶರಾಗಬೇಡಿ. ಧರ್ಮಭಗಿನಿಯರು ನಡೆಸುವ ಚಿಕ್ಕ ಆಸ್ಪತ್ರೆಗಳು, ವೃದ್ಧಾಶ್ರಮಗಳು, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ಆರೈಕೆ ಕೇಂದ್ರಗಳು, ವಿಶೇಷ ಚೇತನ ಮಕ್ಕಳ ಶಾಲೆಗಳು, ರಕ್ತದಾನ ಶಿಬಿರಗಳು, ಇವೆಲ್ಲವೂ ಆರೋಗ್ಯ ಸೇವೆಯ ಪಾಠಶಾಲೆಗಳೇ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಯುವ ರೆಡ್ ಕ್ರಾಸ್ ಘಟಕಗಳ ಮೂಲಕವೂ ಅವಕಾಶ ಸಿಗುತ್ತದೆ. ಹೋಗುವ ಮುನ್ನ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದರೆ ಬಹಳ ಉಪಯೋಗ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಇಂತಹ ತರಬೇತಿ ನೀಡುತ್ತವೆ.

ನೆರೆಯ ಕೇರಳದ ಅನುಭವ ನಮಗೆ ದಾರಿ ತೋರಿಸುತ್ತದೆ. ಕೋಝಿಕ್ಕೋಡ್‌ನಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮುಂತಾದವರು ನೋವು ಶಮನ ಹಾಗೂ ಉಪಶಾಮಕ ಆರೈಕೆಯ ಕೇಂದ್ರವನ್ನು ಆರಂಭಿಸಿದರು. ಹಾಸಿಗೆ ಹಿಡಿದ ರೋಗಿಗೆ ಬೇಕಾದದ್ದು ಔಷಧಿ ಮಾತ್ರವಲ್ಲ, ಊಟ, ಅಕ್ಕಿ, ಮಕ್ಕಳ ಶಾಲೆ, ಮಾತನಾಡುವ ಜನ ಎಂಬುದು ಬೇಗನೆ ಅವರಿಗೆ ತಿಳಿಯಿತು. ಹೀಗೆ ಊರಿನ ಸಾಮಾನ್ಯ ಜನರನ್ನೇ ಸ್ವಯಂಸೇವಕರನ್ನಾಗಿ ತರಬೇತುಗೊಳಿಸುವ ನೆರೆಹೊರೆಯ ಜಾಲ ಬೆಳೆಯಿತು. ಅಲ್ಲಿನ ಮೂಲ ತರಬೇತಿ 16 ಗಂಟೆಗಳ ಪಾಠ ಮತ್ತು ಮೇಲ್ವಿಚಾರಣೆಯಲ್ಲಿ 4 ದಿನಗಳ ರೋಗಿ ಭೇಟಿ. ಅಷ್ಟು ಕಲಿತ ರಿಕ್ಷಾ ಚಾಲಕರು, ಗೃಹಿಣಿಯರು, ವಿದ್ಯಾರ್ಥಿಗಳು ದಾದಿಯರ ಜೊತೆ ಮನೆಮನೆಗೆ ಹೋಗುತ್ತಾರೆ. 2008ರಲ್ಲಿ ಕೇರಳ ಸರ್ಕಾರವೇ ಉಪಶಾಮಕ ಆರೈಕೆಯ ನೀತಿಯನ್ನು ಪ್ರಕಟಿಸಿತು.

ಸ್ವಯಂಸೇವಕನ ಕೆಲಸಗಳು

ಮೊದಲ ದಿನವೇ ಬಿಳಿ ಕೋಟು ಹಾಕಿ ಡಾಕ್ಟರರ ಹಿಂದೆ ತಿರುಗುತ್ತೇವೆ ಎಂಬ ಕಲ್ಪನೆ ಬೇಡ. ಸಿಗುವ ಕೆಲಸಗಳು ಸಣ್ಣವು, ಆದರೆ ರೋಗಿಗೆ ಅವು ಸಣ್ಣವಲ್ಲ. ಹೊರರೋಗಿ ವಿಭಾಗದಲ್ಲಿ ಯಾವ ಕೊಠಡಿಗೆ ಹೋಗಬೇಕೆಂದು ತಿಳಿಯದೆ ನಿಂತಿರುವವರಿಗೆ ದಾರಿ ತೋರಿಸುವುದು, ಅಕ್ಷರ ಬಾರದವರಿಗೆ ಫಾರ್ಮು ತುಂಬಿಸಿಕೊಡುವುದು, ಎಕ್ಸ್‌ರೇಗೆ ಹೋಗುವ ರೋಗಿಯ ಗಾಲಿಕುರ್ಚಿ ತಳ್ಳುವುದು, ಒಬ್ಬಂಟಿ ರೋಗಿಗೆ ಔಷಧಾಲಯದಿಂದ ಔಷಧಿ ತಂದುಕೊಡುವುದು, ಪತ್ರಿಕೆ ಓದಿ ಹೇಳುವುದು, ಮಕ್ಕಳ ವಾರ್ಡಿನಲ್ಲಿ ಸಿಬ್ಬಂದಿಯ ಎದುರಿನಲ್ಲಿ ಮಕ್ಕಳ ಜೊತೆ ಆಡುವುದು, ಹಾಸಿಗೆಯ ಹೊದಿಕೆ ಬದಲಾಯಿಸಲು ನೆರವಾಗುವುದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸಾ ನೆರವು ಇದೆ. ಆದರೆ ಅದಕ್ಕೆ ಯಾವ ದಾಖಲೆ ಬೇಕು, ಯಾವ ಕೌಂಟರಿಗೆ ಹೋಗಬೇಕು ಎಂದು ತಿಳಿಯದೆ ಕಣ್ಣೀರು ಹಾಕುವವರನ್ನು ನಾವು ಆಸ್ಪತ್ರೆಯ ಪಡಸಾಲೆಗಳಲ್ಲಿ ಕಾಣುತ್ತೇವೆ. ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ ತೆಗೆಸಿ, ಅವರನ್ನು ಆರೋಗ್ಯ ಮಿತ್ರರ ಬಳಿಗೆ ಕರೆದುಕೊಂಡು ಹೋಗುವ ಒಬ್ಬ ವಿದ್ಯಾರ್ಥಿ ಆ ಕುಟುಂಬವನ್ನು ಸಾಲದಿಂದ ಉಳಿಸಬಲ್ಲ.

ನಮ್ಮ ಕರಾವಳಿಯ ಯುವಜನರಲ್ಲಿ ಇನ್ನೊಂದು ಆಸ್ತಿ ಇದೆ, ಅದು ಭಾಷೆ. ಕೊಂಕಣಿ, ತುಳು, ಕನ್ನಡ ಮೂರನ್ನೂ ಬಲ್ಲವರು, ಬ್ಯಾರಿ ಭಾಷೆ ಮತ್ತು ಮಲಯಾಳಂ ಅರ್ಥವಾಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಾಸರಗೋಡಿನಿಂದ ಬಂದ ಅಜ್ಜಿ, ಉತ್ತರ ಕರ್ನಾಟಕದಿಂದ ಬಂದ ಕಟ್ಟಡ ಕಾರ್ಮಿಕ, ತುಳು ಬಿಟ್ಟರೆ ಬೇರೆ ಬಾರದ ಹಳ್ಳಿಯ ಹಿರಿಯರು, ಹೊರ ರಾಜ್ಯದ ವೈದ್ಯ ವಿದ್ಯಾರ್ಥಿ, ಇವರ ನಡುವೆ ಒಂದು ಮಾತು ಸರಿಯಾಗಿ ದಾಟಿದರೆ ಚಿಕಿತ್ಸೆಯೇ ಸುಲಭವಾಗುತ್ತದೆ. ಅನುವಾದ ಮಾಡುವಾಗ ರೋಗಿ ಹೇಳಿದ್ದನ್ನು ಹಾಗೆಯೇ ಹೇಳಬೇಕು. ಸೇರಿಸಬಾರದು, ನಾಚಿಕೆಯೆಂದು ಬಿಡಲೂಬಾರದು. ಆಪರೇಶನ್ನಿಗೆ ಒಪ್ಪಿಗೆ ಪಡೆಯುವಂತಹ ಗಂಭೀರ ಮಾತುಕತೆಗಳನ್ನು ಸಿಬ್ಬಂದಿಗೇ ಬಿಡಬೇಕು.

ಮಾಡಬಾರದ ಕೆಲಸಗಳು ಮತ್ತು ಅವುಗಳ ಕಾರಣ

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಆಸ್ಪತ್ರೆಯಲ್ಲಿ ಹಾನಿ ಮಾಡಬಹುದು. ಒಂದು ಉದಾಹರಣೆ ನೋಡೋಣ. ಬಾಯಾರಿಕೆ ಎಂದು ಅಂಗಲಾಚುವ ರೋಗಿಗೆ ಒಂದು ಲೋಟ ಕಾಫಿ ಕೊಡುವುದು ಪುಣ್ಯದ ಕೆಲಸವೆಂದು ನಮಗೆ ತೋರುತ್ತದೆ. ಆದರೆ ಅವರು ಶಸ್ತ್ರಚಿಕಿತ್ಸೆಗೆ ಕಾದಿರುವವರಾದರೆ? ಅರಿವಳಿಕೆ ಕೊಟ್ಟಾಗ ಗಂಟಲಿನ ರಕ್ಷಣಾ ಕ್ರಿಯೆ ನಿಲ್ಲುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿ ಸಾಮಾನ್ಯವಾಗಿ ಲಘು ಆಹಾರ ಮತ್ತು ಹಾಲು 6 ಗಂಟೆ ಮೊದಲೇ, ಬರೀ ನೀರು 2 ಗಂಟೆ ಮೊದಲೇ ನಿಲ್ಲಬೇಕೆಂಬ ನಿಯಮವಿದೆ. ಆ ಒಂದು ಲೋಟ ಕಾಫಿಯಿಂದ ಆಪರೇಶನ್ ಮುಂದೂಡಲ್ಪಡಬಹುದು. ಪಾರ್ಶ್ವವಾಯು ಬಡಿದವರಲ್ಲಿ ನುಂಗುವ ಶಕ್ತಿಯೇ ಕುಂದಿರುತ್ತದೆ, ಅವರಿಗೆ ಎರಡು ಚಮಚ ಗಂಜಿಯೂ ಉಸಿರಿನ ದಾರಿಗೆ ಹೋಗಬಹುದು. ಆದ್ದರಿಂದ ನಿಯಮ ಒಂದೇ: ನರ್ಸನ್ನು ಕೇಳದೆ ಒಂದು ಗುಟುಕು ನೀರನ್ನೂ ಕೊಡಬಾರದು.

ಹಾಗೆಯೇ ಡ್ರಿಪ್ಪಿನ ವೇಗ ಬದಲಾಯಿಸುವುದು, ಆಮ್ಲಜನಕದ ಗುಂಡಿ ತಿರುಗಿಸುವುದು, ಬಿದ್ದು ಪೆಟ್ಟಾದವರನ್ನು ಎತ್ತಿ ಕೂರಿಸುವುದು, ಗಾಯದ ಪಟ್ಟಿ ಬಿಚ್ಚುವುದು, ಚುಚ್ಚುಮದ್ದಿಗೆ ಕೈಹಾಕುವುದು, ಇವು ಯಾವುವೂ ಸ್ವಯಂಸೇವಕನ ಕೆಲಸಗಳಲ್ಲ. ಯಾರಾದರೂ ಮಾಡು ಎಂದರೂ ನನಗೆ ತರಬೇತಿ ಇಲ್ಲ ಎಂದು ವಿನಯದಿಂದ ಹೇಳಬೇಕು. ಗಾಲಿಕುರ್ಚಿಗೆ ರೋಗಿಯನ್ನು ಕೂರಿಸುವ ಮುನ್ನ ಬ್ರೇಕ್ ಹಾಕಿದೆಯೇ, ಪಾದದ ಹಲಗೆ ಮಡಚಿದೆಯೇ ನೋಡಬೇಕು. ರಿಪೋರ್ಟು ಓದಿ ನಿಮಗೆ ಇಂಥ ಕಾಯಿಲೆ ಎಂದು ಹೇಳುವುದು, ಈ ಮಾತ್ರೆ ಬೇಡ, ಊರಿನ ನಾಟಿ ಮದ್ದು ಮಾಡಿ ಎಂದು ಸಲಹೆ ಕೊಡುವುದು ಖಂಡಿತ ಕೂಡದು.

ನಮ್ಮ ಸುರಕ್ಷತೆ

ಸ್ವಯಂಸೇವಕನು ತಾನೂ ರೋಗ ಹಚ್ಚಿಕೊಳ್ಳಬಾರದು, ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ರೋಗ ಸಾಗಿಸಲೂಬಾರದು. ಇದಕ್ಕೆ ಮೊದಲ ಉಪಾಯ ಕೈ ತೊಳೆಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಾಬೂನು ನೀರಿನಿಂದಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್‌ನಿಂದಾದರೆ 20ರಿಂದ 30 ಸೆಕೆಂಡು ಬೇಕು. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಅವರ ಹಾಸಿಗೆ ಮೇಜು ಮುಟ್ಟಿದ ಮೇಲೆ ಕೈ ಶುಚಿಗೊಳಿಸಬೇಕು. ಉಂಗುರ, ಬಳೆ, ಉದ್ದ ಉಗುರು ಬೇಡ. ಶೀತ ಜ್ವರ ಇದ್ದ ದಿನ ಆಸ್ಪತ್ರೆಗೆ ಹೋಗಬೇಡಿ. ನಮಗೆ ಸಾಮಾನ್ಯ ನೆಗಡಿಯಾದದ್ದು ಕಿಮೋಥೆರಪಿ ಪಡೆಯುತ್ತಿರುವವರಿಗೆ ದೊಡ್ಡ ಕಾಯಿಲೆಯಾಗಬಹುದು.

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು ಆಗಿವೆಯೇ ಎಂದು ನೋಡಿಕೊಳ್ಳಿ. ದೊಡ್ಡವರಿಗೆ ಮೊದಲ ಡೋಸ್, 1 ತಿಂಗಳ ನಂತರ ಎರಡನೆಯದು, 6ನೇ ತಿಂಗಳಲ್ಲಿ ಮೂರನೆಯದು ಎಂಬುದು ವಾಡಿಕೆಯ ಕ್ರಮ. ಆಸ್ಪತ್ರೆಯ ಕಸದ ಬುಟ್ಟಿಗಳ ಬಣ್ಣಕ್ಕೂ ಅರ್ಥವಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ರಕ್ತ ಕೀವು ತಾಗಿದ ಹತ್ತಿ ಬಟ್ಟೆ ಹಳದಿಗೆ, ಪ್ಲಾಸ್ಟಿಕ್ ನಳಿಕೆಗಳು ಕೆಂಪಿಗೆ, ಸೂಜಿ ಬ್ಲೇಡುಗಳು ಚುಚ್ಚದಂಥ ಬಿಳಿ ಡಬ್ಬಿಗೆ, ಗಾಜು ನೀಲಿಗೆ ಹೋಗುತ್ತವೆ. ನೆಲದ ಮೇಲೆ ಸೂಜಿ ಕಂಡರೆ ಕೈಯಿಂದ ಎತ್ತದೆ ಸಿಬ್ಬಂದಿಯನ್ನು ಕರೆಯಿರಿ. ಒಂದು ವೇಳೆ ಚುಚ್ಚಿದರೆ ಹಿಂಡಬಾರದು, ಬಾಯಿಗೆ ಇಡಬಾರದು. ಸಾಬೂನು ನೀರಿನಿಂದ ತೊಳೆದು ತಕ್ಷಣ ನರ್ಸಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ, ಸಾಧ್ಯವಾದರೆ ಮೊದಲ ಕೆಲವೇ ಗಂಟೆಗಳಲ್ಲಿ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಭಯದಿಂದ ಮುಚ್ಚಿಟ್ಟರೆ ಆ ಸಮಯ ಮೀರಿ ಹೋಗುತ್ತದೆ. ಕ್ಷಯರೋಗಿಗಳ ವಾರ್ಡಿಗೆ ಸಿಬ್ಬಂದಿ ಹೇಳಿದ ಮಾಸ್ಕ್ ಇಲ್ಲದೆ ಪ್ರವೇಶಿಸಬಾರದು, ಆ ರೋಗ ಗಾಳಿಯಿಂದ ಹರಡುತ್ತದೆ.

ಬಾಯಿಯ ಮೇಲೆ ಹಿಡಿತ

ಇದು ಎಲ್ಲಕ್ಕಿಂತ ಕಷ್ಟದ ನಿಯಮ. ನಮ್ಮ ಊರುಗಳು ಚಿಕ್ಕವು. ಒಂದೇ ವಾರ್ಡಿನ, ಒಂದೇ ಸಂಬಂಧದ ಜನ ಆಸ್ಪತ್ರೆಯಲ್ಲಿ ಎದುರಾಗುತ್ತಾರೆ. ಇಂಥವರ ಮಗಳನ್ನು ಇಂಥ ವಿಭಾಗದಲ್ಲಿ ಕಂಡೆ ಎಂಬ ಒಂದು ಮಾತು ಚರ್ಚಿನ ಮೆಟ್ಟಲಿನಲ್ಲಿ ಬಿದ್ದರೆ ಸಂಜೆಯೊಳಗೆ ಊರಿಡೀ ತಿಳಿಯುತ್ತದೆ. ಒಂದು ಮದುವೆ ಮಾತುಕತೆ ಮುರಿಯಲು ಅಷ್ಟು ಸಾಕು. ಎಚ್.ಐ.ವಿ. ಇರುವವರ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾನೂನು ನಿಷೇಧಿಸಿದೆ. ಕಾನೂನು ಹೆಸರಿಸದ ಕಾಯಿಲೆಗೂ ಅದೇ ಗೌರವ ಸಲ್ಲಬೇಕು.

ಪ್ರಾರ್ಥನೆಯ ಹೆಸರಿನಲ್ಲೂ ಈ ಗುಟ್ಟು ಹೊರಬೀಳುತ್ತದೆ ಎಂಬುದನ್ನು ಚರ್ಚಿನ ಕಾರ್ಯಕರ್ತರು ಗಮನಿಸಬೇಕು. ಇಂಥವರಿಗೆ ಇಂಥ ಕ್ಯಾನ್ಸರ್, ಪ್ರಾರ್ಥಿಸಿ ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕುವ ಮೊದಲು ಆ ವ್ಯಕ್ತಿಯನ್ನು ಕೇಳಿದ್ದೇವೆಯೇ? ಹೆಸರು, ಕಾಯಿಲೆ ಹೇಳದೆಯೂ ಪ್ರಾರ್ಥಿಸಬಹುದು. ವಾರ್ಡಿನೊಳಗೆ ಫೋಟೋ, ಸೆಲ್ಫಿ, ವಿಡಿಯೋ ಬೇಡವೇ ಬೇಡ. ಹಣ್ಣು ಹಂಚುವಾಗ ಹಾಸಿಗೆಯಲ್ಲಿ ಮಲಗಿದವರ ಮುಖ ತೋರಿಸಿ ಚಿತ್ರ ತೆಗೆದು ಪ್ರಕಟಿಸುವ ಪದ್ಧತಿಯನ್ನೂ ನಮ್ಮ ಸಂಘಟನೆಗಳು ಕೈಬಿಡುವುದು ಒಳಿತು.

ರೋಗಿಯ ಬಳಿ ಕೂತಾಗ

ಕುರ್ಚಿ ಎಳೆದು ರೋಗಿಯ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಹೆಸರು ಹೇಳಿ, ನಾನು ಸ್ವಯಂಸೇವಕ, ಡಾಕ್ಟರ್ ಅಲ್ಲ ಎಂದು ಮೊದಲೇ ತಿಳಿಸಿ. ನಿಮಗೇನೂ ಆಗುವುದಿಲ್ಲ, ಬೇಗ ಗುಣವಾಗುತ್ತೀರಿ ಎಂಬ ಸುಳ್ಳು ಭರವಸೆ ಬೇಡ. ಅವರು ಹೇಳಿದ್ದನ್ನು ಕೇಳಿದರೆ ಸಾಕು. ಮಕ್ಕಳು ಪರದೇಶದಲ್ಲಿದ್ದು ಇಲ್ಲಿ ಒಬ್ಬಂಟಿಯಾಗಿ ಮಲಗಿರುವ ಹಿರಿಯರು ನಮ್ಮ ಕರಾವಳಿಯ ಆಸ್ಪತ್ರೆಗಳಲ್ಲಿ ಕಡಿಮೆಯಿಲ್ಲ. ಅವರಿಗೆ ಮಗನ ಜೊತೆ ವಿಡಿಯೋ ಕರೆ ಮಾಡಿಸಿಕೊಡುವುದೂ ಒಂದು ಸೇವೆ. ರೋಗಿ ಯಾವ ಧರ್ಮದವರೇ ಆಗಲಿ, ಅವರ ನಂಬಿಕೆಯನ್ನು ಗೌರವಿಸಬೇಕು. ಅವರಾಗಿ ಕೇಳದೆ ಧರ್ಮದ ವಿಚಾರ ಎತ್ತಬಾರದು, ಹಾಸಿಗೆಯಲ್ಲಿ ಮಲಗಿದವರಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇರುವುದಿಲ್ಲ. ಕಥೊಲಿಕ ರೋಗಿಗಳು ಪರಮಪ್ರಸಾದವನ್ನೋ ರೋಗಿಗಳ ಅಭ್ಯಂಗವನ್ನೋ ಬಯಸಿದರೆ ಆಸ್ಪತ್ರೆಯ ಚಾಪ್ಲೇನರಿಗೆ ಅಥವಾ ಅವರ ಧರ್ಮಕೇಂದ್ರದ ಗುರುಗಳಿಗೆ ತಿಳಿಸಬಹುದು.

ಸಾವನ್ನು ಮೊದಲ ಬಾರಿ ಹತ್ತಿರದಿಂದ ಕಂಡಾಗ ಯುವ ಮನಸ್ಸು ನಡುಗುವುದು ಸಹಜ. ಊಟ ಸೇರದಿರುವುದು, ನಿದ್ದೆ ಬಾರದಿರುವುದು ದೌರ್ಬಲ್ಯದ ಗುರುತಲ್ಲ. ಅಂದು ಮನೆಯಲ್ಲಿ ಅದರ ಬಗ್ಗೆ ಮಾತನಾಡಲು ಅವಕಾಶ ಇರಬೇಕು. ಹೆತ್ತವರು ಅದನ್ನೆಲ್ಲ ತಲೆಗೆ ಹಾಕಿಕೊಳ್ಳಬೇಡ ಎಂದು ಬಾಯಿ ಮುಚ್ಚಿಸದೆ ಕೇಳಬೇಕು. ವಾರಗಟ್ಟಲೆ ಹಾಗೆಯೇ ಉಳಿದರೆ ಆಪ್ತ ಸಮಾಲೋಚಕರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಮಾತನಾಡಬಹುದು.

ಧರ್ಮಕೇಂದ್ರ ಏನು ಮಾಡಬಹುದು

ಒಬ್ಬ ವಿದ್ಯಾರ್ಥಿ ಒಂಟಿಯಾಗಿ ಅರ್ಜಿ ಹಿಡಿದು ಹೋದರೆ ಆಸ್ಪತ್ರೆಯವರು ಹಿಂಜರಿಯುವುದುಂಟು. ಒಂದು ಧರ್ಮಕೇಂದ್ರ ಜವಾಬ್ದಾರಿ ಹೊತ್ತು ಕೇಳಿದರೆ ಅವರಿಗೂ ಧೈರ್ಯ. ಪಾಲನಾ ಮಂಡಳಿ, ಯುವ ಸಂಘಟನೆ ಮತ್ತು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ಸೇರಿ ಹತ್ತಿರದ ಒಂದು ಆಸ್ಪತ್ರೆಯೊಡನೆ ಮಾತನಾಡಬಹುದು. ಹತ್ತು ಮಂದಿ ವಾರಕ್ಕೆ ತಲಾ ಎರಡು ಗಂಟೆ ಕೊಟ್ಟರೆ 20 ಗಂಟೆ ಆಯಿತು. ಒಬ್ಬ ಅನುಭವಸ್ಥ ದಾದಿಯನ್ನು, ನಿವೃತ್ತರಾದರೂ ಸರಿ, ಮಾರ್ಗದರ್ಶಕರನ್ನಾಗಿ ನೇಮಿಸಿ ಒಂದು ದಿನದ ತರಬೇತಿ ಏರ್ಪಡಿಸಬಹುದು. ಯಾರು ಯಾವ ದಿನ ಎಂಬ ಪಟ್ಟಿ ಬರೆದಿಡಬೇಕು. ಬರುತ್ತೇನೆಂದು ಹೇಳಿ ಬಾರದಿರುವುದು ಆರಂಭದಲ್ಲೇ ಬೇಡ ಎನ್ನುವುದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಕಿರಿಯರು ಇಬ್ಬಿಬ್ಬರಾಗಿ ಹೋಗಲಿ, ಸಂಜೆ ತಡವಾಗದಂತೆ ಮನೆಗೆ ಮರಳುವ ವ್ಯವಸ್ಥೆ ಇರಲಿ.

ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದವರ ನೆನಪೂ ಇರಬೇಕು. ಗುರಿಕಾರರಿಗೆ ತಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಯಾರೆಂದು ಗೊತ್ತಿರುತ್ತದೆ. ಅವರ ಒಪ್ಪಿಗೆ ಪಡೆದು ಸ್ವಯಂಸೇವಕರು ವಾರಕ್ಕೊಮ್ಮೆ ಭೇಟಿ ಕೊಟ್ಟು, ಮಾತ್ರೆ ಮುಗಿದಿದೆಯೇ, ಮರು ತಪಾಸಣೆಯ ದಿನ ಯಾವುದು ಎಂದು ವಿಚಾರಿಸಿದರೆ ಆಸ್ಪತ್ರೆಯಲ್ಲಿ ಕಲಿತದ್ದು ಊರಿಗೆ ಉಪಯೋಗವಾಗುತ್ತದೆ. 18 ವರ್ಷ ತುಂಬಿ 45 ಕಿಲೋ ತೂಕವಿರುವ ಆರೋಗ್ಯವಂತರು ರಕ್ತದಾನಿಗಳ ಪಟ್ಟಿಗೆ ಸೇರಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು.

ಕೊನೆಯದಾಗಿ ಯುವಜನರಿಗೆ ಒಂದು ಸಲಹೆ. ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು, ರೋಗಿಗಳ ಹೆಸರು ಬರೆಯದೆ, ದಿನಾ ಮೂರು ವಿಷಯ ಬರೆಯಿರಿ: ಇಂದು ಏನು ಮಾಡಿದೆ, ಏನು ಕಲಿತೆ, ಯಾವುದು ನನಗೆ ಕಷ್ಟವಾಯಿತು. ಎರಡು ತಿಂಗಳ ನಂತರ ಹೆತ್ತವರ ಜೊತೆ ಕುಳಿತು ಅದನ್ನು ಓದಿರಿ. ಈ ವೃತ್ತಿ ನನಗೆ ಒಪ್ಪುತ್ತದೆಯೇ, ಒಪ್ಪಿದರೆ ಇದರಲ್ಲಿ ಯಾವ ವಿಭಾಗ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿರುತ್ತದೆ. ಒಪ್ಪುವುದಿಲ್ಲ ಎಂದು ಕಂಡರೂ ಆ ದಿನಗಳು ವ್ಯರ್ಥವಲ್ಲ. ಬ್ಯಾಂಕಿನಲ್ಲಿ ದುಡಿದರೂ, ಅಂಗಡಿ ಇಟ್ಟರೂ, ಮನೆಯಲ್ಲಿ ಅಪ್ಪ ಅಮ್ಮ ಹಾಸಿಗೆ ಹಿಡಿದ ದಿನ ಅವರನ್ನು ನೋಡಿಕೊಳ್ಳಲು ಗೊತ್ತಿರುವ ಒಬ್ಬ ಮಗ, ಒಬ್ಬ ಮಗಳು ಆ ಮನೆಯಲ್ಲಿರುತ್ತಾರೆ.